ದೋಣಿಯೊಳಗಿನ ಕೆರೆ

ಅಮವಾಸ್ಯೆಗೆ ಇನ್ನು ಒಂಬತ್ತು ದಿನ ಉಳಿದಿತ್ತು. ಅಷ್ಟರೊಳಗೆ ಮೊಳದುದ್ದದ ಒಂದು ಮೀನನ್ನು ತಂದು ಕೆರೆ ಏರಿಯ ಮೇಲಿನ ಕೆರೆದೇವತೆ ಗಂಗವ್ವನ ಕಲ್ಲಿನ ಮುಂದೆ ಇಡದಿದ್ದರೆ, ಊರವರು ಶಾರವ್ವನ ದೋಣಿ ಕಟ್ಟುವ ಗೂಟವನ್ನು ಕೀಳುವವರಿದ್ದರು. ಹಾನಗಲ್ ತಾಲೂಕಿನ ಆ ಊರಲ್ಲಿ ಇದು ಮುತ್ತಜ್ಜರ ಕಾಲದ ಕಟ್ಟಳೆ. ಬಲೆಯ ಮೀನು ವರ್ಷಕ್ಕೊಮ್ಮೆ ಲಿಲಾವಿನಲ್ಲಿ ಹೆಚ್ಚು ಕೂಗಿ ಕೆರೆ ಹಿಡಿದವನದು, ಗಾಳದ ಮೀನು ಗೂಟ ಇದ್ದವರದು. ಆದರೆ ಒಂದು ಅಮವಾಸ್ಯೆಯಿಂದ ಇನ್ನೊಂದರೊಳಗೆ ಮೊಳದ ಮೀನು ತರದಿದ್ದರೆ ಗೂಟದ ಹಕ್ಕು ಹೋಯಿತು. ಕಿತ್ತ ಗೂಟವನ್ನು ಮತ್ತೆ ನೆಟ್ಟಿದ್ದನ್ನು ಕಂಡವರು ಊರಲ್ಲಿ ಯಾರೂ ಇರಲಿಲ್ಲ.

ಮೂರು ತಲೆಮಾರಿನಿಂದ ಆ ಗೂಟ ಅವಳ ಗಂಡ ಗುತ್ತೆಪ್ಪನ ಮನೆಯದು. ಡಾಂಬರು ಡ್ರಮ್ಮುಗಳನ್ನು ಸೀಳಿ, ಬೆಸೆದು, ಒಬ್ಬರೇ ಕಾಲು ಚಾಚಿ ಕೂರುವಂಥ ಉದ್ದನೆಯ ತಗಡಿನ ದೋಣಿ ಮಾಡಿದವನು ಅವನೇ. ತುರ್ತು ಪರಿಸ್ಥಿತಿ ಮುಗಿದ ವರ್ಷ ಚಕ್ಕಡಿಯಿಂದ ಬಿದ್ದು ಸೊಂಟ ಮುರಿದುಕೊಂಡ. ಅವನು ಕಟ್ಟೆಯ ಮೇಲೆ ಕೂತ, ಶಾರವ್ವ ದೋಣಿಗೆ ಇಳಿದಳು. ಹೆಂಗಸು ಹುಟ್ಟು ಹಿಡಿದರೆ ಕೆರೆ ಬತ್ತುತ್ತದೆ ಎಂದರು ಊರಿನ ತಿಳಿದವರು. ಆ ವರ್ಷ ಕೆರೆ ತುಂಬಿ ಕೋಡಿ ಹರಿಯಿತು. ತಿಳಿದವರು ಆಮೇಲೆ ಬೇರೆ ವಿಷಯ ಮಾತಾಡತೊಡಗಿದರು.

ಬಾಯಿ ಮುಚ್ಚದವನು ಕುಬೇರಪ್ಪ ಒಬ್ಬನೇ. ಈ ಸಲ ಅವನು ಮೊದಲ ಬಾರಿ ಲಿಲಾವು ಹಿಡಿದಿದ್ದ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಇವನು ಹಗಲು ಹೊತ್ತಿನಲ್ಲೇ ಹಿಡಿದುಕೊಂಡು ತಿರುಗುತ್ತಿದ್ದ. ಶಾರವ್ವನ ಗೂಟ ಇದ್ದ ಜಾಗದ ಮೇಲೆ ಅವನಿಗೆ ಕಣ್ಣು. ಗಾಳಕ್ಕೆ ಚುಚ್ಚಲು ಅವಳಿಗೆ ಒಂದೇ ಒಂದು ಸಣ್ಣ ಮೀನನ್ನೂ ಕೊಡಬಾರದೆಂದು ತನ್ನ ಬಲೆಯವರಿಗೆ ತಾಕೀತು ಮಾಡಿದ. ಬೇಸಿಗೆಯಲ್ಲಿ ಮೊಳದ ಮೀನೆಂದರೆ ಬಾಳೆಮೀನು. ಅದು ಇರುವುದು ಕೆರೆಯ ಆಚೆ ತುದಿಯ ಆಳವಾದ ಮಡುವಿನಲ್ಲಿ. ಎರೆಹುಳವನ್ನು ಅದು ಮೂಸಿಯೂ ನೋಡುವುದಿಲ್ಲ. ಗಾಳದ ತುದಿಯಲ್ಲಿ ಜೀವಂತ ಮರಿಮೀನು ಒದ್ದಾಡುತ್ತಿದ್ದರೆ ಮಾತ್ರ ಬಾಯಿ ಹಾಕುತ್ತದೆ.

"ಹೋಗ್ಲಿ ಬಿಡ. ದೊಡ್ಡವರ ಕೂಡ ಹಗಿ ಕಟ್ಟಿಕೊಂಡು ಬದುಕಾಕ ಆಗತೈತೇನು?" ಎಂದ ಗುತ್ತೆಪ್ಪ.

"ನೀವು ಸುಮ್ಕ ಕುಂದ್ರಿ. ಸೊಂಟ ಮುರದೈತಿ, ಮನಿತನ ಮುರದಿಲ್ಲ" ಎಂದಳು ಶಾರವ್ವ.

ಮರಿಮೀನು ಸಿಗುವುದು ಕಷ್ಟವಾಗಲಿಲ್ಲ. ಊರ ಬದಿಯ ತೂಬಿನ ಕೆಳಗಿನ ಗದ್ದೆ ಕಾಲುವೆಯಲ್ಲಿ ಮೊಣಕಾಲವರೆಗೆ ಇಳಿದು, ಸೆರಗು ಒಡ್ಡಿ ಬೊಗಸೆ ತುಂಬ ಹಿಡಿದಳು. ಕಷ್ಟವಿದ್ದದ್ದು ಅವನ್ನು ಮಡುವಿನ ತನಕ ಜೀವಂತ ಒಯ್ಯುವುದರಲ್ಲಿ. ಅದಕ್ಕೆ ಅತ್ತೆಯ ಕಾಲದ ತಾಮ್ರದ ಕೊಡ ತೆಗೆದಳು. ತಾಮ್ರದ ನೀರು ಅಮೃತ ಎಂದು ಕೇಳುತ್ತಲೇ ಬೆಳೆದವಳು. ಜ್ವರ ಬಂದವರಿಗೆ, ಬಾಣಂತಿಗೆ, ದೇವರಿಗೆ ಅದೇ ನೀರು. ಹುಣಸೆಹಣ್ಣು ಹಚ್ಚಿ ಫಳಫಳ ತಿಕ್ಕಿ, ನೀರು ತುಂಬಿ, ಮೀನು ಬಿಟ್ಟು ಮಲಗಿದಳು. ಬೆಳಗ್ಗೆ ನೋಡಿದರೆ ಎಲ್ಲವೂ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಎರಡನೆಯ ದಿನ ಕೊಡವನ್ನು ಇನ್ನಷ್ಟು ತಿಕ್ಕಿದಳು. ಆ ಸಲ ಮೀನುಗಳು ಮಧ್ಯರಾತ್ರಿಯನ್ನೂ ದಾಟಲಿಲ್ಲ. ಮನುಷ್ಯರಿಗೆ ಅಮೃತವಾದದ್ದು ಮೀನಿಗೆ ವಿಷವೆಂದು ತಿಳಿಯುವಷ್ಟರಲ್ಲಿ ಎರಡು ದಿನ ಹೋಗಿತ್ತು.

ಮೂರನೆಯ ದಿನ ಮಣ್ಣಿನ ಗಡಿಗೆ ಇಟ್ಟುಕೊಂಡು ಹೊರಟಳು. ಮೀನೇನೋ ಬದುಕಿದವು. ಆದರೆ ಕೆರೆಯ ನಡುವೆ ಗಾಳಿ ಎದ್ದು, ಗಡಿಗೆ ವಾಲಿ, ದೋಣಿ ವಾಲಿ, ಅವಳೂ ನೀರಿಗೆ ಬಿದ್ದಳು. ದಂಡೆಯಲ್ಲಿ ನಿಂತಿದ್ದ ಕುಬೇರಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. "ಏ ಶಾರಿ, ಮೀನ ಹಿಡೀತೀಯೋ, ಮೀನಿಗೆ ಊಟ ಆಕ್ಕೀಯೋ?" ದೋಣಿಯನ್ನು ತಳ್ಳುತ್ತ ಈಜಿ ಬಂದ ಶಾರವ್ವನಿಗೆ ಚಳಿಗಿಂತ ಸಿಟ್ಟು ಹೆಚ್ಚಾಗಿತ್ತು. ಅಂದು ಅವಳು ಉಣ್ಣಲಿಲ್ಲ.

ಮರುದಿನ ದಂಡೆಯಲ್ಲಿ ಕೂತು ನೋಡಿದಳು. ಬಲೆಯವರು ಹಿಡಿದ ಮೀನನ್ನು ಬಿದಿರಿನ ಬುಟ್ಟಿಗೆ ಹಾಕಿ, ಬಾಯಿ ಕಟ್ಟಿ, ಬುಟ್ಟಿಯನ್ನೇ ಕೆರೆಯಲ್ಲಿ ಮುಳುಗಿಸಿ ಇಡುತ್ತಿದ್ದರು. ಸಂಜೆಯವರೆಗೆ ಒಂದೂ ಸಾಯುತ್ತಿರಲಿಲ್ಲ. ಬುಟ್ಟಿಯ ಸಂದಿಯಿಂದ ಹೊಸ ನೀರು ಬರುತ್ತದೆ, ಹಳೆಯದು ಹೋಗುತ್ತದೆ. ಹಾಗಾದರೆ ಮೀನಿಗೆ ಬೇಕಾದದ್ದು ಕೊಡವಲ್ಲ, ಕೆರೆ. ಕೆರೆಯನ್ನೇ ದೋಣಿಯೊಳಗೆ ಕರೆದುಕೊಂಡರೆ?

ಅಕ್ಕಿಆಲೂರಿನ ಸಂತೆಯಲ್ಲಿ ತಗಡಿನ ಕೆಲಸ ಮಾಡುವ ಸವಣೂರಿನ ಖಾದರಸಾಬನಿಗೆ ಹೇಳಿ ಕಳಿಸಿದಳು. ಅವನು ಸೈಕಲ್ಲಿಗೆ ಇದ್ದಿಲು, ತಿದಿ, ತಗಡು ಕಟ್ಟಿಕೊಂಡು ಬಂದ. ಕೂರುವ ಜಾಗದ ಹಿಂದೆ ಎರಡು ಅಡ್ಡ ತಗಡು ನಿಲ್ಲಿಸಿ, ಹನಿ ನೀರೂ ದಾಟದಂತೆ ಬೆಸುಗೆ ಹಾಕಿದ. ನಡುವೆ ಒಂದು ಸಣ್ಣ ಗೂಡಾಯಿತು, ಮೇಲೊಂದು ಮುಚ್ಚಳವೂ ಆಯಿತು.

"ಇನ್ನ ಆ ಗೂಡಿನ ತಳಕ್ಕ ತೂತು ಹೊಡೀರಿ" ಎಂದಳು ಶಾರವ್ವ.

ಖಾದರಸಾಬ ಸುತ್ತಿಗೆ ಕೆಳಗಿಟ್ಟ. "ಯಾ ಅಲ್ಲಾ! ತಂಗಿ, ಮೂವತ್ತು ವರ್ಷ ತೂತು ಮುಚ್ಚಿ ಹೊಟ್ಟಿ ಹೊರಕೊಂಡೇನಿ. ದೋಣಿಗೆ ತೂತು ಹೊಡದ ಪಾಪ ನನಗ ಬ್ಯಾಡ."

"ಮುಳುಗಿದ್ರ ನಾ ಮುಳುಗತೇನಿ. ಉಳಿ ಇಲ್ಲಿ ಕೊಡ್ರಿ."

ಅವಳೇ ಹೊಡೆದಳು. ಒಂದೊಂದು ಏಟಿಗೂ ಕಟ್ಟೆಯ ಮೇಲಿದ್ದ ಗುತ್ತೆಪ್ಪ ತನ್ನ ಎದೆಗೇ ಹೊಡೆದಂತೆ ಮುಖ ಕಿವುಚಿದ. ಅವನು ಕಟ್ಟಿದ ದೋಣಿ, ಪಾಪ. ಮರಿಮೀನು ನುಸುಳದಷ್ಟು ಸಣ್ಣ ಎಂಟು ತೂತುಗಳಾದ ಮೇಲೆ ದೋಣಿಯನ್ನು ನೀರಿಗೆ ತಳ್ಳಿ ಹತ್ತಿ ಕೂತಳು. ಗೂಡಿನೊಳಗೆ ನೀರು ಬುಳುಬುಳು ಏರಿತು. ನಾಲ್ಕು ಬೆರಳು, ಒಂದು ಗೇಣು. ಹೊರಗಿನ ಕೆರೆಯ ಮಟ್ಟಕ್ಕೆ ಬಂದು ನೀರು ನಿಂತಿತು. ಗೂಡಿನ ಹಿಂದೆ ಮುಂದೆ ಒಣಗಿದ್ದ ತಗಡು ಒಣಗಿದಂತೆಯೇ ಇತ್ತು. ಶಾರವ್ವನಿಗೆ ಕೂಗಿಕೊಳ್ಳುವಷ್ಟು ಸಂತೋಷವಾಯಿತು.

ಅದಾದ ಮೇಲೂ ಬಾಳೆಮೀನು ಮೂರು ದಿನ ಸತಾಯಿಸಿತು. ಒಮ್ಮೆ ಮರಿಯನ್ನಷ್ಟೇ ಕಿತ್ತುಕೊಂಡು ಹೋಯಿತು. ಅಮವಾಸ್ಯೆಯ ದಿನ ಬಿಸಿಲೇರುವ ಹೊತ್ತಿಗೆ ಮಡುವಿನಲ್ಲಿ ದಾರ ಸರ್ರನೆ ಓಡಿತು. ಅಂಗೈ ಕೊಯ್ದು ರಕ್ತ ಬಂದರೂ ಅವಳು ಬಿಡಲಿಲ್ಲ. "ಬಾ ನನ್ನವ್ವಾ, ಬಾ. ನಿನಗೂ ಹಟ, ನನಗೂ ಹಟ" ಎನ್ನುತ್ತ ಎಳೆದಳು. ಮಧ್ಯಾಹ್ನ ದಂಡೆಗೆ ಬಂದಾಗ ಕಟ್ಟಳೆ ನೋಡಿಕೊಳ್ಳುವ ಊರ ಹಿರಿಯ ಹನುಮಂತಪ್ಪ ತನ್ನ ಕೈಯಿಂದಲೇ ಅಳೆದ. ಎರಡು ಮೊಳ, ಮೇಲೆ ನಾಲ್ಕು ಬೆರಳು.

"ಗೂಟ ಶಾರವ್ವಂದು" ಎಂದ ಹನುಮಂತಪ್ಪ.

"ಹೆಂಗಾಗತೈತಿ?" ಕುಬೇರಪ್ಪ ಮುಂದೆ ಬಂದ. "ಗಾಳಕ್ಕ ಚುಚ್ಚಿದ ಮರಿಮೀನು ಯಾರದು? ಕಾಲವಿ ನೀರು ಕೆರೀದು, ಕೆರಿ ಮೀನು ನಂದು. ನನ್ನ ಮೀನಿನಿಂದ ಹಿಡದದ್ದೂ ನಂದ."

ಹನುಮಂತಪ್ಪ ತಲೆ ಕೆರೆದುಕೊಂಡ. ಶಾರವ್ವ ದೋಣಿಯ ಬದಿಗೆ ಬಗ್ಗಿ ಮುಚ್ಚಳ ತೆಗೆದಳು. ಉಳಿದ ಮರಿಗಳು ಗೂಡಿನಲ್ಲಿ ಚುರುಕಾಗಿ ಓಡಾಡುತ್ತಿದ್ದವು. ರಕ್ತ ಹತ್ತಿದ ಕೈಗಳಿಂದಲೇ ಒಂದು ಬೊಗಸೆ ಎತ್ತಿ ಅವನ ಮುಂದೆ ಹಿಡಿದಳು.

"ಹೌದ್ರಿ ಸಾವುಕಾರ್ರ, ನಿಮ್ಮವಾ. ನಾ ಏನ್ ಸಾಯಿಸಿ ತಂದಿಲ್ಲ, ಜೀವಂತ ಅದಾವು. ಧೋತರ ಒಡ್ರಿ, ತಗೋರಿ."

ಕುಬೇರಪ್ಪ ಇಸ್ತ್ರಿ ಮಾಡಿದ ಧೋತರ ಎತ್ತಿಕೊಂಡು ಎರಡು ಹೆಜ್ಜೆ ಹಿಂದೆ ಸರಿದ. ಬಲೆಯವರೇ ಮೊದಲು ನಕ್ಕರು.

"ಬ್ಯಾಡೇನ್ರಿ?" ಅವಳು ಬೊಗಸೆಯನ್ನು ಕೆರೆಗೆ ಸುರಿದಳು. ಇನ್ನೊಂದು ಬೊಗಸೆ, ಮತ್ತೊಂದು ಬೊಗಸೆ, ಗೂಡು ಖಾಲಿಯಾಗುವ ತನಕ. "ಚುಚ್ಚಿದ್ದೊಂದು ಈ ಬಾಳೆಮೀನಿನ ಹೊಟ್ಟ್ಯಾಗ ಐತಿ. ಕೊಯ್ದ ಮ್ಯಾಲ ಅದನ್ನೂ ನಿಮ್ಮ ಮನಿಗೆ ಮುಟ್ಟಸ್ತೇನಿ. ದೊಡ್ಡದು ಮಾತ್ರ ನಂದು."

ಹಾಗೆಂದು ಮೀನನ್ನು ಹೆಗಲಿಗೆ ಹಾಕಿಕೊಂಡು ಏರಿ ಹತ್ತಿದಳು. ಕುಬೇರಪ್ಪ ದಾರಿ ಬಿಟ್ಟು ನಿಂತ.