ಮೇಷ್ಟ್ರು ಓದದ ವಾಕ್ಯ

ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ ಹಳೆಯ ಬಂಗಲೆಯೊಂದರ ಹಿಂಬದಿಯ ಕೋಣೆಯೇ ನಯಾಜನ ಸ್ಟುಡಿಯೊ. ಕಿಟಕಿಗಳಿಗೆ ಹಾಸಿಗೆ ಹೊಡೆದು, ಗೋಡೆಗಳಿಗೆ ಮೊಟ್ಟೆಯ ಟ್ರೇಗಳನ್ನು ಅಂಟಿಸಿದ್ದರಿಂದ ನಡುಹಗಲಿನಲ್ಲಿಯೂ ಅಲ್ಲಿ ದೀಪ ಹಚ್ಚಬೇಕಾಗಿತ್ತು. ಇಷ್ಟೆಲ್ಲ ಮಾಡಿದರೂ ದೂರದ ರಸ್ತೆಯಲ್ಲಿ ಅದಿರು ಹೊತ್ತು ಸಾಗುವ ಲಾರಿಗಳ ಗುಡುಗು ನೆಲದೊಳಗಿಂದ ಹತ್ತಿಬಂದು ಮೈಕಿನ ಕಂಬವನ್ನು ಸಣ್ಣಗೆ ನಡುಗಿಸುತ್ತಿತ್ತು. ಮೊದಲೆಲ್ಲ ಮದುವೆಯ ವಿಡಿಯೊಗಳನ್ನು ಮಾಡುತ್ತಿದ್ದ ನಯಾಜ್, ಅದಿರಿನ ಮಣ್ಣಿಗೆ ಬೆಲೆ ಬಂದ ಮೇಲೆ ಗಣಿ ಕಂಪನಿಗಳಿಗೆ ಚಿತ್ರ ಮಾಡತೊಡಗಿದ್ದ. ಅದು ಎರಡು ಸಾವಿರದ ಏಳನೆಯ ಇಸವಿ.

ಶಮಾ ಅಲ್ಲಿ ಧ್ವನಿ ಸಂಕಲನದ ಕೆಲಸ ಕಲಿಯಲು ಸೇರಿ ಐದು ತಿಂಗಳಾಗಿತ್ತು. ಸಿರುಗುಪ್ಪದ ದರ್ಜಿ ಪೀರಸಾಬರ ಮಗಳು. ದಿನವೂ ಬೆಳಗಿನ ಬಸ್ಸಿಗೆ ಬಂದು, ದುಪಟ್ಟಾದ ಮೇಲೆ ಕುಳಿತ ಕೆಂಪು ಧೂಳನ್ನು ಹೊರಗೇ ಕೊಡವಿ, ಹೆಡ್‌ಫೋನ್ ಧರಿಸಿ ಕೂತರೆ ಸಂಜೆಯವರೆಗೆ ಏಳುತ್ತಿರಲಿಲ್ಲ. ಅಪ್ಪ ಬಟ್ಟೆ ಕತ್ತರಿಸುವುದನ್ನು ನೋಡಿ ಬೆಳೆದವಳಿಗೆ ಪರದೆಯ ಮೇಲಿನ ಧ್ವನಿರೇಖೆಯನ್ನು ಕತ್ತರಿಸುವುದು, ಕೂಡಿಸುವುದು, ಹೊಲಿಗೆ ಕಾಣದಂತೆ ಮಾಡುವುದು ಬೇಗನೆ ಕೈವಶವಾಗಿತ್ತು.

"ಕೈ ಛಲೋ ಐತಿ, ಕಿವಿನೇ ಇನ್ನೂ ಹುಟ್ಟಿಲ್ಲ ನಿನಗ," ಎಂದು ನಯಾಜ್ ಕೆಣಕುತ್ತಿದ್ದ. "ಕಣ್ಣಿಲೆ ನೋಡಿ ಕತ್ತರಸ್ತಿ. ನಿಮ್ಮಪ್ಪನಂಗ ಟೇಪು ಒಂದು ಕೊಳ್ಳಾಗ ಹಾಕ್ಕೊಂಡ್ಬಿಡು!"

"ಟೇಪು ತಪ್ಪು ಹೇಳಂಗಿಲ್ಲ ಭಾಯ್, ಕಿವಿ ಹೇಳ್ತೈತಿ."

"ಹೌದೌದು. ಮೊದಲು ಇದನ್ನ ಕಲಿ. ಪ್ರತಿಯೊಂದು ಕ್ವಾಣಿಗೂ ತನ್ನದೇ ಒಂದು ಮೌನ ಇರ್ತೈತಿ. ಯಾರೂ ಮಾತಾಡದಾಗ ಕೇಳಸ್ತೈತಲ್ಲ, ಅದು. ಮಾತಿನ ಕೆಳಗ ಆ ಮೌನ ಹಾಸಲಿಲ್ಲಂದ್ರ ಮಾತು ಹೆಣ ಆಗ್ತೈತಿ."

ಆ ಸ್ಟುಡಿಯೊದ ಚಿತ್ರಗಳಿಗೆಲ್ಲ ವಿವರಣೆ ಓದುತ್ತಿದ್ದವರು ಕುರುಗೋಡಿನ ಕೊಟ್ರಬಸಪ್ಪ ಮೇಷ್ಟ್ರು. ನಿವೃತ್ತ ಶಿಕ್ಷಕರು; ಉಬ್ಬಸದ ರೋಗಿ. ಆದರೂ ಒಂದೊಂದು ವಾಕ್ಯವನ್ನೂ ಅಳೆದು, ತೂಗಿ, ನಿಲ್ಲಬೇಕಾದಲ್ಲಿ ನಿಂತು ಓದುವ ಅವರ ದನಿಗೆ ಜಿಲ್ಲೆಯಲ್ಲಿ ಮನ್ನಣೆಯಿತ್ತು. 'ಮೇಷ್ಟ್ರು ಹೇಳಿದರೆ ನಿಜವಿರಬೇಕು' ಎಂಬ ನಂಬಿಕೆ ಆ ದನಿಯ ಜೊತೆಗೇ ಬರುತ್ತಿತ್ತು. ಎರಡು ತಿಂಗಳ ಹಿಂದೆ ಅವರು ತೀರಿಕೊಂಡಿದ್ದರು. ಗಣಿ ಕಂಪನಿಯ ಚಿತ್ರವನ್ನು ಅವರು ಬಹುಪಾಲು ಓದಿ ಮುಗಿಸಿದ್ದರು. ಉಳಿದದ್ದು ಒಂದೇ ವಾಕ್ಯ: 'ಊರಿನ ಜನ ತಮ್ಮ ಇಚ್ಛೆಯಿಂದ ಭೂಮಿ ಬಿಟ್ಟುಕೊಟ್ಟರು.'

"ಅದನ್ನ ಓದೋದ್ರೊಳಗ ತೀರಿಕೊಂಡ್ರು," ಎಂದ ನಯಾಜ್, ಶಮಾಳ ಮುಖವನ್ನು ನೋಡದೆ. "ಅವ್ರ ಹಳೇ ರೆಕಾರ್ಡಿಂಗ್ ರಗಡ ಅದಾವು. ಪದ ಹುಡುಕಿ ಜೋಡಸು. ಇದೊಂದು ಮಾಡಿಬಿಟ್ರ, ಮುಂದಿನ ಚಿತ್ರದ ಸೌಂಡ್ ಪೂರಾ ನಿಂದ."

"ಸತ್ತೋರ ದನಿ, ಭಾಯ್..."

"ಸತ್ತೋರು ಬಂದು ಕೇಳ್ತಾರೇನು? ಆರು ಪದ ಅಷ್ಟೇ."

ಆರು ಪದಗಳಿಗಾಗಿ ಶಮಾ ಎರಡು ದಿನ ಮೇಷ್ಟ್ರ ದನಿಯೊಂದಿಗೆ ಕಳೆದಳು. 'ಊರಿನ ಜನ' ಎಂಬುದು ಶಾಲೆಯೊಂದರ ವಾರ್ಷಿಕೋತ್ಸವದಲ್ಲಿ ಸಿಕ್ಕಿತು. 'ತಮ್ಮ ಇಚ್ಛೆಯಿಂದ' ಎಂಬುದು ರಕ್ತದಾನದ ಚಿತ್ರದಲ್ಲಿತ್ತು. 'ಭೂಮಿ'ಯನ್ನು ಸಂಗನಕಲ್ಲಿನ ಶಿಲಾಯುಗದ ಬೆಟ್ಟದ ವಿವರಣೆಯಿಂದ ತೆಗೆದಳು. 'ಬಿಟ್ಟುಕೊಟ್ಟರು' ಎಂಬುದು ಮದುವೆಯೊಂದರಲ್ಲಿ, ಹೆತ್ತವರು ಕಣ್ಣೀರಿನೊಡನೆ ಮಗಳನ್ನು ಬಿಟ್ಟುಕೊಟ್ಟ ಕಡೆ ದೊರೆಯಿತು. ಆ ಪದದಲ್ಲಿ ಉಳಿದಿದ್ದ ಮರುಕವನ್ನು ಸಮ ಮಾಡಲು ಅವಳು ಬಹಳ ಹೆಣಗಿದಳು. ಕಡೆಗೂ ಜೋಡಿಸಿ ಕೇಳಿದಾಗ, ನಾಲ್ಕು ಕೋಣೆಗಳಲ್ಲಿ ನಿಂತ ನಾಲ್ವರು ಒಂದೇ ವಾಕ್ಯವನ್ನು ಹಂಚಿಕೊಂಡು ಹೇಳಿದಂತಿತ್ತು.

ಕೆಳಗೆ ಹಾಸಲು ಒಂದು ಮೌನ ಬೇಕಾಗಿತ್ತು. ಗಣಿ ಚಿತ್ರದ ಕಡೆಯ ದಿನದ ರೆಕಾರ್ಡಿಂಗನ್ನು ತೆರೆದು ಕಣ್ಣಾಡಿಸಿದಳು. ಒಂದೆಡೆ ರೇಖೆ ನಲವತ್ತು ಸೆಕೆಂಡುಗಳಷ್ಟು ಉದ್ದಕ್ಕೆ, ನೀರಿನಂತೆ ಸಪಾಟಾಗಿ ಮಲಗಿತ್ತು. ಹಿಂದೇನಿದೆ, ಮುಂದೇನಿದೆ ಎಂದು ಕೇಳುವ ಗೋಜಿಗೆ ಹೋಗದೆ ಅದರಿಂದ ಒಂದು ತುಣುಕನ್ನು ಕತ್ತರಿಸಿ ವಾಕ್ಯದ ಕೆಳಗೆ ಹಾಸಿದಳು.

ಕೂಡಲೇ ಆರೂ ಪದಗಳು ಒಂದೇ ಬಾಯಿಯೊಳಗೆ ಹೋಗಿ ಕೂತವು. ಮೇಷ್ಟ್ರು ಎದುರಿಗೆ, ಮೈಕಿನ ಮುಂದಿನ ತಮ್ಮ ಎಂದಿನ ಕುರ್ಚಿಯಲ್ಲಿ ಕುಳಿತು ಓದುತ್ತಿದ್ದಂತಿತ್ತು.

ಆದರೆ 'ಇಚ್ಛೆಯಿಂದ' ಎಂಬ ಪದದ ನಂತರ 'ಟಕ್' ಎಂದು ಒಂದು ಸಣ್ಣ ಸದ್ದು ಕೇಳಿಸಿತು. ವೈರಿನ ದೋಷವೆಂದು ತಿಳಿದು ಅದನ್ನು ಕತ್ತರಿಸಿದಳು. ಪರದೆಯ ಮೇಲೆ ರೇಖೆ ಸಪಾಟಾಯಿತು. ಮತ್ತೆ ಕೇಳಿದಳು. ಟಕ್. ಹೆಡ್‌ಫೋನ್ ತೆಗೆದಿಟ್ಟಳು. ಖಾಲಿ ಕುರ್ಚಿಯ ಕಡೆಯಿಂದ, ಉಬ್ಬಸದವರು ಮೂಗಿನಿಂದ ನಿಧಾನವಾಗಿ ಬಿಡುವ ಉಸಿರಿನಂಥದ್ದೇನೋ ಕೇಳಿಬಂತು. ಹೊರಗೆ ಲಾರಿಯೊಂದು ಹಾದುಹೋಗಿ ಅದನ್ನು ನುಂಗಿತು.

ನಯಾಜ್ ವಾಕ್ಯವನ್ನು ಎರಡು ಸಲ ಕೇಳಿದ. "ಕಿವಿ ಹುಟ್ಟೈತಿ ನಿನಗ," ಎಂದಷ್ಟೇ ಹೇಳಿ ಹೊರಗೆ ಹೋದ. ಅವನಿಗೆ ಯಾವ ಸದ್ದೂ ಕೇಳಿಸಿರಲಿಲ್ಲ.

ಮರುದಿನ ಹನ್ನೊಂದರ ಸುಮಾರಿಗೆ ಮೇಷ್ಟ್ರ ಹೆಂಡತಿ ಈರಮ್ಮ ಕುರುಗೋಡಿನಿಂದ ಬಂದರು. ನಯಾಜ್ ಇರಲಿಲ್ಲ.

"ಅವ್ರ ದನಿ ಒಂದೀಟು ಸೀಡಿಗೆ ಹಾಕ್ಕೊಡವ್ವ. ಮನಿಯಾಗ ಫೋಟೋ ಐತಿ, ಮಾತಿಲ್ಲ," ಎಂದರು. ಬಳಿಕ ತಮ್ಮ ಮಾತಿಗೆ ತಾವೇ ನಕ್ಕು, "ಇದ್ದಾಗ ಮಾತ್ರ ತೆಲಿ ತಿಂತಿದ್ರು. ಸಾರಿಗೆ ಉಪ್ಪು ಕಮ್ಮಿ ಆದ್ರೂ ವ್ಯಾಕರಣ ಹಚ್ಚಿ ಬೈತಿದ್ರು," ಎಂದರು.

ಶಮಾಳಿಗೂ ನಗು ಬಂತು. ತನ್ನ ಕೆಲಸದ ಹೆಮ್ಮೆಯನ್ನು ತಡೆಯಲಾರದೆ, ಹೊಸ ವಾಕ್ಯವನ್ನೇ ಮೊದಲು ಅವರಿಗೆ ಕೇಳಿಸಿದಳು.

ಈರಮ್ಮನ ಮುಖದ ಮೇಲಿನ ನಗು ಹಾಗೆಯೇ ನಿಂತುಹೋಯಿತು. "ಇನ್ನೊಮ್ಮೆ ಹಚ್ಚು." ಮತ್ತೆ ಕೇಳಿದರು. "ಇದನ್ನ ಅವ್ರು ಹೇಳಿಲ್ಲ."

"ಅವ್ರದೇ ದನಿ ಅಮ್ಮ..."

"ದನಿ ಅವ್ರದೇ ಬಿಡು. ನಲವತ್ತಮೂರು ವರ್ಷ ಬಾಳ್ವಿ ಮಾಡೀನಿ ಯವ್ವ. ಮಾತಾಡೋ ಮುಂಚೆ ಅವ್ರು ಉಸ್ರು ಒಳಗ ಎಳಕೋತಿದ್ರು. ಇಲ್ಲಿ ಮೂಗಿಲೆ ಹೊರಗ ಬಿಡಾಕತ್ಯಾರ. ಒಲ್ಲೆ ಅನ್ನೋವಾಗಿನ ಉಸ್ರು ಇದು. ನಶ್ಯದ ಡಬ್ಬಿ ಮುಚ್ಚಿದ್ದು ಕೇಳ್ಲಿಲ್ಲೇನು ನಿನಗ?"

ಶಮಾ ವೈರಿನ ದೋಷವೆಂದು ಕತ್ತರಿಸಿ ಎಸೆದಿದ್ದ ಸದ್ದು ಅದು.

"ಬಾಯಿ ಬಿಟ್ಟು ಇಲ್ಲ ಅಂತಿರ್ಲಿಲ್ಲ ಅವ್ರು. ಡಬ್ಬಿ ಮುಚ್ಚಿದ್ರಂದ್ರ ಮುಗೀತು. ಸಾಲಿಯಾಗ ಹುಡುಗ್ರು ಆ ಸಪ್ಪಳಕ್ಕ ಗಪ್ ಆಗಿಬಿಡ್ತಿದ್ರಂತ." ಈರಮ್ಮ ಸೆರಗನ್ನು ಬಿಗಿದುಕೊಂಡರು. "ಇದು ಊರ ಮುಂದ ಹೋಗ್ತೈತೇನು? ಹೋದ್ರ, ಮೇಷ್ಟ್ರೇ ಹೇಳ್ಯಾರಂತ ಜನ ನಂಬ್ತಾರ ಯವ್ವ. ಇಲ್ಲ ಅನ್ನಾಕ ಅವ್ರೇ ಇಲ್ಲ."

ಶಮಾ ಆ ದಿನದ ರೆಕಾರ್ಡಿಂಗನ್ನು ಮತ್ತೆ ತೆರೆದಳು. ಈ ಬಾರಿ ಕಣ್ಣು ಮುಚ್ಚಿಕೊಂಡು, ಸಪಾಟು ರೇಖೆಯ ಹಿಂದಿನಿಂದ ಕೇಳಿದಳು. ಮೊದಲು ನಯಾಜನ ದನಿ: "ಮೇಷ್ಟ್ರೆ, ಇದೊಂದು ಓದಿಬಿಡ್ರಿ." ಅನಂತರ ಆ ನಲವತ್ತು ಸೆಕೆಂಡು. ಉಸಿರು. ಟಕ್. ಕಡೆಗೆ ಮೇಷ್ಟ್ರು: "ಆ ಊರಾಗ ಹನ್ನೊಂದು ವರ್ಷ ಸಾಲಿ ಕಲಿಸೀನಿ ನಯಾಜ್. ಯಾರು ಅಳಕೋತ ಎದ್ದು ಹೋದ್ರು, ನನಗ ಗೊತ್ತೈತಿ. ಬಾಗಲಾ ತೆಗಿ, ಬಸ್ಸು ಹೋಗ್ತೈತಿ."

ಅವರು ಒಲ್ಲೆನೆಂದ ಮೌನವನ್ನೇ ಅವಳು ತಂದು, ಅವರು ಒಲ್ಲದ ಮಾತಿನ ಕೆಳಗೆ ಹಾಸಿದ್ದಳು.

ಮಧ್ಯಾಹ್ನ ಮೂರಕ್ಕೆ ನಯಾಜನ ಜೊತೆ ಕಂಪನಿಯ ಪ್ರಚಾರಾಧಿಕಾರಿ ಗಾದಿಲಿಂಗಪ್ಪ ಚಿತ್ರ ನೋಡಲು ಬಂದ. ಗಣಿಗೆ ಭೂಮಿ ಹೋದ, ಗುಡ್ಡದ ಬುಡದ ಆ ಊರಿನವನೇ. ಈಗ ಬೆಳ್ಳನೆಯ ಅಂಗಿ, ಕೈಯಲ್ಲಿ ಎರಡು ಮೊಬೈಲು. ಈರಮ್ಮ ಮೂಲೆಯ ಸ್ಟೂಲಿನ ಮೇಲೆ ಕುಳಿತೇ ಇದ್ದರು, ಅವನು ಗುರುತಿಸಲಿಲ್ಲ. "ಲಗೂ ಹಚ್ಚರಿ, ಬೆಂಗ್ಳೂರಿಂದ ಸಾಹೇಬ್ರು ಬರೋರದಾರ," ಎಂದ.

ಚಿತ್ರ ಸಾಗಿತು. ಗುಡ್ಡ, ಯಂತ್ರ, ಹೊಸ ರಸ್ತೆ, ಮೇಷ್ಟ್ರ ಗಂಭೀರ ದನಿ. ಊರಿನ ದೃಶ್ಯ ಬಂದಾಗ ಸಂಗೀತ ತಗ್ಗಿತು. ಅಲ್ಲಿ ಮಾತು ಬರಲಿಲ್ಲ. ಶಮಾ ಆರು ಪದಗಳನ್ನೂ ಅಳಿಸಿ, ಮೌನವನ್ನು ಮಾತ್ರ ಕತ್ತರಿಸದೆ ಮರಳಿ ಇಟ್ಟಿದ್ದಳು. ಖಾಲಿ ಮನೆಗಳ ಮೇಲೆ ಕ್ಯಾಮೆರಾ ಹರಿಯುತ್ತಿದ್ದಂತೆ ದೀರ್ಘವಾದ ಒಂದು ಉಸಿರು ಕೋಣೆಯನ್ನು ತುಂಬಿತು.

"ಏನ್ರೀ ಇದು, ಸೌಂಡ್ ಎಲ್ಲಿ ಹೋತು?" ಎಂದ ಗಾದಿಲಿಂಗಪ್ಪ, ನಯಾಜನತ್ತ ತಿರುಗಿ. "ನಿಮ್ಮ ಹುಡುಗಿ..."

ಟಕ್.

ಅವನ ಮಾತು ಅಲ್ಲಿಗೇ ನಿಂತಿತು. ಎತ್ತಿದ್ದ ಕೈ ತಾನಾಗಿ ಇಳಿದು ತೊಡೆಯ ಮೇಲೆ ಕೂತಿತು. ಬೆನ್ನು ನೆಟ್ಟಗಾಯಿತು. ಮೂವತ್ತು ವರ್ಷಗಳ ಹಿಂದಿನ, ಮೇಷ್ಟ್ರ ತರಗತಿಯ ಬೆಂಚಿನ ಮೇಲೆ ಅವನು ಕುಳಿತಿದ್ದ. ಮೌನ ತನ್ನ ನಲವತ್ತು ಸೆಕೆಂಡುಗಳನ್ನು ಮುಗಿಸುವವರೆಗೆ ಯಾರೂ ಕದಲಲಿಲ್ಲ.

ಕಡೆಗೆ ಅವನು ಬೆವರು ಒರೆಸಿಕೊಂಡು ಎದ್ದ. ಈಗ ಈರಮ್ಮನ ಗುರುತು ಹತ್ತಿದವನಂತೆ ಮೂಲೆಯ ಕಡೆ ನೋಡುವುದನ್ನು ತಪ್ಪಿಸಿಕೊಂಡು, "ಇವ್ರ ದನಿ ಪೂರ್ತಿ ತಗದ್ಬಿಡ್ರಿ," ಎಂದ. "ಮೊದಲಿಂದ ಬ್ಯಾರೆ ಯಾರ ಕಡೆಯಿಂದನಾದ್ರೂ ಓದಸ್ರಿ."

ಹಾಗೆಯೇ ಆಯಿತು. ಬೆಂಗಳೂರಿನ ಯಾರೋ ಆ ವಾಕ್ಯವನ್ನು ಸಲೀಸಾಗಿ ಓದಿದರು. ಚಿತ್ರ ಎಲ್ಲೆಡೆ ಓಡಾಡಿತು. ಮುಂದಿನ ಚಿತ್ರದ ಕೆಲಸ ಶಮಾಳಿಗೆ ಸಿಗಲಿಲ್ಲ. ನಯಾಜ್ ಬೈಯಲೂ ಇಲ್ಲ; ಆದರೆ ಅಂದಿನಿಂದ ಅವನು ಮೇಷ್ಟ್ರು ಕೂರುತ್ತಿದ್ದ ಆ ಕುರ್ಚಿಯ ಮೇಲೆ ಕೂರುವುದನ್ನು ಬಿಟ್ಟ.

ಗಾದಿಲಿಂಗಪ್ಪ ಬಂದುಹೋದ ದಿನವೇ ಸಂಜೆ ಶಮಾ ಸೀಡಿ ಸಿದ್ಧಪಡಿಸುತ್ತ, ಯಾವ ಭಾಗ ಹಾಕಲೆಂದು ಕೇಳಿದ್ದಳು. ರಾಜ್ಯೋತ್ಸವದ ಭಾಷಣವಿತ್ತು, ಸಂಗನಕಲ್ಲಿನ ವಿವರಣೆಯಿತ್ತು.

"ಅವೆಲ್ಲ ಇರ್ಲಿ," ಎಂದಿದ್ದರು ಈರಮ್ಮ. "ಸುಮ್ಮನ ಕುಂತಾರಲ್ಲ, ಅದನ್ನ ಮೊದಲು ಹಾಕು."

ಸೀಡಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಅವರು ಕುರುಗೋಡಿನ ಬಸ್ಸಿಗೆ ಹೋದರು. ಶಮಾ ಯಂತ್ರವನ್ನು ಆರಿಸಿ, ಹೆಡ್‌ಫೋನನ್ನು ಮೊಳೆಗೆ ತೂಗುಹಾಕಿ ಬಾಗಿಲ ಬಳಿ ಬಂದಳು. ಹಿಂದೆ ಕತ್ತಲೆಯಲ್ಲಿ ಯಾರೋ ಉಸಿರನ್ನು ಒಳಗೆ ಎಳೆದುಕೊಂಡರು, ಮಾತಾಡಲು ಹೊರಟವರಂತೆ. ಅವಳು ಬಾಗಿಲನ್ನು ತೆರೆದು ಹಿಡಿದು, ಆ ಮಾತಿಗಾಗಿ ಕಾದು ನಿಂತಳು.