ಒಳಮುಚ್ಚಳ

ಮೇಲಿನ ಮನೆಯಲ್ಲಿ ಯಾರೋ ಕುರ್ಚಿ ಎಳೆದರು, ಕುರ್ಚಿಯೇ, ಮಂಚವಾಗಿದ್ದರೆ ಸದ್ದು ಇನ್ನೂ ಭಾರವಾಗಿ ಬರುತ್ತಿತ್ತು, ಬೀಗ ಅಲ್ಲಾಡಿಸಿದ ಸದ್ದಿನಲ್ಲೇ ಒಳಗೇನು ಸವೆದಿದೆ ಎಂದು ಹೇಳುವವನಿಗೆ ಇದೇನು ಮಹಾ, ಎಂದುಕೊಳ್ಳುತ್ತ ಅವನು ಅಂಗಿಯ ಅಂಚನ್ನು ಹಲ್ಲಲ್ಲಿ ಕಚ್ಚಿಕೊಂಡ, ಬಲಗೈಯಲ್ಲಿ ಇನ್ಸುಲಿನ್ ಪೆನ್ನು, ಎಡಗೈಯಲ್ಲಿ ಹೊಟ್ಟೆಯ ಚರ್ಮ — ಇಷ್ಟು ವರ್ಷ ಮಾತ್ರೆಯಲ್ಲೇ ತಳ್ಳಿದ್ದಾಯ್ತು, ಇನ್ನು ಮಾತ್ರೆ ಕೈಲಿ ಆಗಲ್ಲ, ಚುಚ್ಕೊಳ್ಳಲೇಬೇಕು, ಡಾಕ್ಟರು ತಲೆಯೆತ್ತದೆ ಹೇಳಿದ್ದರು — ಚುಚ್ಚಿದ, ಗುಂಡಿ ಒತ್ತಿದ, ಅಬ್ಬಾ, ಚುರ್ರೆಂದಿತು. ಇಷ್ಟು ದಿನ ಹೀಗಾಗಿರಲಿಲ್ಲವಲ್ಲ, ನೋವೇ ಇಲ್ಲ ಸಿಸ್ಟರ್, ಸೊಳ್ಳೆ ಕಚ್ಚಿದಷ್ಟೂ ಇಲ್ಲ ಎಂದು ನರ್ಸ್ ಮುಂದೆ ಜಂಬ ಕೊಚ್ಚಿಕೊಂಡು ಬಂದಿದ್ದನಲ್ಲ, ಬಗ್ಗಿ ನೋಡಿದರೆ ಕಾಲ ಬಳಿ ನೆಲದ ಮೇಲೆ ಬೆಂಕಿಕಡ್ಡಿಯ ತುಂಡಿನಷ್ಟು ಸಣ್ಣದೊಂದು ಪ್ಲಾಸ್ಟಿಕ್ ಕೊಳವೆ, ಸೂಜಿಯ ಮೇಲಿನ ಮುಚ್ಚಳ ಎಳೆದಾಗ ಅದರ ಜೊತೆಗೇ ಜಾರಿ ಬಿದ್ದಿರಬೇಕು, ಹಾಗಾದರೆ ಒಳಗೆ ಇನ್ನೊಂದು ಮುಚ್ಚಳ, ಹಾಗಾದರೆ ಇಷ್ಟು ದಿನ ಮುಚ್ಚಳದ ಸಮೇತ ಒತ್ತಿಕೊಂಡು, ಔಷಧವೆಲ್ಲ ಚರ್ಮದ ಮೇಲೇ ಹರಿದು, ದಿನಾ ಹೊಟ್ಟೆ ಒದ್ದೆಯಾದಾಗ ಚೂರು ಚೆಲ್ಲುತ್ತದೆ ಎಂದು ಅಂಗಿಯಲ್ಲಿ ಒರೆಸಿಕೊಂಡು — ಎಂಥಾ ಪೆದ್ದ, ಬೀಗದೊಳಗಿನ ಬೀಗ ಹುಡುಕಿ ತೆಗೆಯುವವನಿಗೆ ಮುಚ್ಚಳದೊಳಗಿನ ಮುಚ್ಚಳ ಕಾಣಲಿಲ್ಲ.

ನಗು ಬಂತು, ಆದರೆ ನಿನ್ನೆ ತಾನೇ ನರ್ಸ್ ಡೋಸ್ ಏರಿಸಿದ್ದಳು, ಶುಗರ್ ಒಂಚೂರೂ ಇಳಿದಿಲ್ವಲ್ಲ, ಸರಿಯಾಗಿ ಹಾಕ್ಕೊಳ್ತಿದೀರಾ ತಾನೆ, ಮನೇಲಿ ಯಾರಾದ್ರೂ ನೋಡ್ತಾರಾ, ಹೂಂ, ಹೆಂಡ್ತಿ ನೋಡ್ತಾಳೆ ಎಂದುಬಿಟ್ಟ, ಸರಾಗವಾಗಿ, ಅವಳು ಹೊರಗೆ ಬೆಂಚಿನ ಮೇಲೆ ಕೂತಿದ್ದಾಳೆ ಎನ್ನುವ ಹಾಗೆ, ಹಾಗಿದ್ರೆ ಸರಿ, ಸ್ವಲ್ಪ ಜಾಸ್ತಿ ಮಾಡೋಣ, ಕೈ ನಡುಗಿದ್ರೆ, ಬೆವರು ಬಂದ್ರೆ ಸಕ್ಕರೆ ಬಾಯಿಗೆ ಹಾಕ್ಕೊಳಿ, ಮಂಕು ಕವಿದ್ರೆ ನಿಮಗೇ ಗೊತ್ತಾಗಲ್ಲ, ಅವ್ರಿಗೆ ಹೇಳಿಡಿ. ಯಾರಿಗೆ ಹೇಳಿಡುವುದು, ಗೋಡೆಯ ಮೊಳೆಗೆ ಹೇಳಬೇಕು, ಹೆಂಡತಿಯ ಕೀಲಿ ಅಲ್ಲೇ ನೇತಾಡುತ್ತಿದೆ, ಮನೆ ಬಿಟ್ಟು ಹೋಗುವ ದಿನ ತಾನೇ ತಗುಲಿಹಾಕಿ ಹೋದಳು, ಊರಿನ ಬಾಗಿಲೆಲ್ಲ ತೆಗೀತೀರಿ, ನಿಮ್ಮ ಬಾಯಿ ತೆಗೆಸೋಕೆ ಯಾರನ್ನ ಕರೀಲಿ ನಾನು ಎಂದಳು, ಆಗಲಾದರೂ ಇರು ಎನ್ನಬಹುದಿತ್ತು, ಒಂದೇ ಮಾತು — ಅವಳಿದ್ದಿದ್ದರೆ ಮೊದಲ ದಿನವೇ ಒದ್ದೆ ಅಂಗಿ ಹಿಡಿದು ಇದೇನ್ರೀ ಎಂದು ಕೇಳುತ್ತಿದ್ದಳು. ಈಗ ಏರಿಸಿದ ಡೋಸು, ಅದೂ ಮೊದಲ ಸಲ ನಿಜವಾಗಿ ಒಳಗೆ ಹೋಗಿದೆ, ವಾಪಸು ಎಳೆದುಕೊಳ್ಳಲು ಬರುವುದಿಲ್ಲ, ಕ್ಲಿನಿಕ್ಕಿಗೆ ಫೋನ್ ಹಚ್ಚಿದ, ರಿಂಗಾಗುತ್ತಲೇ ಇದೆ, ಇಷ್ಟು ಬೆಳಿಗ್ಗೆ ಯಾರಿರುತ್ತಾರೆ, ಬ್ರೆಡ್ಡು ಮುರಿದು ಬಾಯಿಗಿಟ್ಟ, ಒಂದು ಚಮಚ ಸಕ್ಕರೆ ಬಾಯಿಗೆ ಸುರಿದುಕೊಂಡು ಡಬ್ಬಿ ಬಗಲಲ್ಲಿ ಇರುಕಿಕೊಂಡ, ಇಷ್ಟು ದಿನ ವಿಷದ ಹಾಗೆ ದೂರವಿಟ್ಟ ಸಕ್ಕರೆ, ಕೈ ನಡುಗುತ್ತಿದೆಯಾ, ಇದು ಔಷಧವೋ ಹೆದರಿಕೆಯೋ, ಯಾರಾದರೂ ಮುಖ ನೋಡಿ ಹೇಳಿದರೆ ಆಗುತ್ತಿತ್ತು.

ಆ ಟೈಪಿಸ್ಟನ ಮನೆ ನೆನಪಾಗಬಾರದಿತ್ತು, ಆಯಿತು, ಒಂಟಿ ಮನುಷ್ಯ, ಕರೆದರೆ ಓಗೊಡುತ್ತಿಲ್ಲ ಎಂದು ಅಕ್ಕಪಕ್ಕದವರು ಇವನನ್ನು ಕರೆಸಿದ್ದರು, ಬೀಗ ಚಿಟಿಕೆಯಲ್ಲಿ ತೆರೆಯಿತು, ಆದರೆ ಒಳಗಿಂದ ಚಿಲಕ, ಕೀಲಿಯಿಂದ ಆಗುವ ಕೆಲಸವಲ್ಲ, ಬಾಗಿಲನ್ನೇ ಚೌಕಟ್ಟಿನಿಂದ ಬಿಚ್ಚಿ ಇಳಿಸಬೇಕಾಯಿತು, ನೆಲಕ್ಕೆ ಮಂಡಿಯೂರಿ ಕೂತಾಗ ಬಾಗಿಲಡಿಯಿಂದ ಕಂಡದ್ದು ಬೆಳಕು, ಹೊರಗೆ ಕಣ್ಣು ಕುಕ್ಕುವ ಬಿಸಿಲು, ಒಳಗೆ ದೀಪ ಉರಿಯುತ್ತಿದೆ, ಹಚ್ಚಿದವನು ರಾತ್ರಿಯೇ ಸತ್ತಿದ್ದ, ಆರಿಸುವವರಿಲ್ಲದೆ, ಹಗಲಲ್ಲಿ. ಅವನ ಕಣ್ಣು ತನ್ನ ಬಾಗಿಲಿಗೆ ಹೋಯಿತು, ಚಿಲಕ ಹಾಕಿದೆ, ಮೇಲೊಂದು ಕೆಳಗೊಂದು, ತಾನೇ ಆರಿಸಿ ತಂದು ಜಡಿದದ್ದು, ಯಾವ ಕಳ್ಳನಪ್ಪನಿಗೂ ಬಗ್ಗದ ಮಾಲು, ಎದ್ದು ಎರಡನ್ನೂ ಎಳೆದ, ಮೊಳೆಯಿಂದ ಅವಳ ಕೀಲಿ ತೆಗೆದುಕೊಂಡ, ಅಂಗೈಗೆ ತಣ್ಣಗೆ ತಾಗಿತು.

ಎದುರು ಮನೆಯ ಟೀಚರಮ್ಮ, ಮೆಟ್ಟಿಲಲ್ಲಿ ಸಿಕ್ಕರೆ ಒಂದು ತಲೆಯಾಡಿಸುವಿಕೆ, ವರ್ಷಗಳಿಂದ ಅಷ್ಟೇ ವ್ಯವಹಾರ, ಒಮ್ಮೆ ಅವರು ಕೀಲಿ ಕಳೆದುಕೊಂಡು ಎದುರಿಗೇ ಬೀಗದವನಿದ್ದಾನೆಂದು ತಿಳಿಯದೆ ಎಲ್ಲಿಂದಲೋ ಇನ್ನೊಬ್ಬನನ್ನು ಕರೆಸಿದ್ದರು, ಆ ಪುಣ್ಯಾತ್ಮ ಬಡಿದು ಬಡಿದು ಬೀಗವನ್ನು ಎಕ್ಕುಟ್ಟಿಸಿದ, ಇವನು ಈ ಬಾಗಿಲ ಹಿಂದೆ ನಿಂತು ಹಾಗಲ್ಲವೋ, ಎಡಕ್ಕೆ, ಎಡಕ್ಕೆ ಎಂದು ಮನಸ್ಸಲ್ಲೇ ಒದ್ದಾಡಿದ, ಹೊರಗೆ ಹೋಗಿ ನಾನಿದ್ದೀನಿ ಎನ್ನಲಿಲ್ಲ. ಈಗ ಬೆಲ್ ಒತ್ತಿದ. ಹಣೆ ಒದ್ದೆ, ಬೆವರೇ ಇದು, ಸಂಶಯವಿಲ್ಲ, ಒಳಗೆ ಚಪ್ಪಲಿಯ ಸರಪರ, ಬಾಗಿಲು ತೆರೆಯಿತು, ಕೈಯಲ್ಲಿ ಹಲ್ಲುಜ್ಜುವ ಬ್ರಷ್ಷು, ಹೇಳಬೇಕಾದದ್ದು ಇಷ್ಟೇ, ಇದನ್ನ ಇಟ್ಕೊಳ್ಳಿ ಟೀಚರಮ್ಮ, ನನಗೆ ಇವತ್ತು ಸೂಜಿ ಔಷಧ ಜಾಸ್ತಿ ಆಗಿದೆ, ಆಗಾಗ ಬಂದು ಸ್ವಲ್ಪ ನೋಡ್ತಿರಿ, ಬಾಯಿ ತೆರೆದ, ನಾಲಿಗೆಗೆ ಸಕ್ಕರೆ ಅಂಟಿದೆ, ಕೀಲಿ ಹಿಡಿದ ಕೈ ಮಾತ್ರ ಮುಂದೆ ಚಾಚಿತು, ಅವರು ಕೀಲಿ ನೋಡಿದರು, ಅವನನ್ನು ನೋಡಿದರು, ಅವನ ಹೆಗಲ ಮೇಲಿಂದ ಅವನ ಮನೆಯೊಳಗೆ ನೋಡಿದರು, ಅಯ್ಯೋ, ನಿಮ್ಮನೆ ಲೈಟು ಇನ್ನೂ ಉರೀತಿದೆಯಲ್ಲ, ಎಂದರು, ಹಗಲಾದ್ರೂ ಉರೀತಿದೆ, ಅವನು ತಿರುಗಿ ನೋಡಿದ, ಉರಿಯುತ್ತಿತ್ತು, ಹಗಲಲ್ಲಿ, ಅವನ ದೀಪ —