ಕಸ್ತೂರಿಯ ನೆತ್ತಿ

ಮಾವನ ಎಡಗಣ್ಣಿನ ಪೊರೆ ತೆಗೆಸಿ ಮನೆಗೆ ಕರೆತಂದ ಮಧ್ಯಾಹ್ನ, ಸೊಸೆ ಟ್ಯಾಕ್ಸಿಯಿಂದ ಇಳಿದವಳೇ ಅಂಗಳದ ಕಾರನ್ನು ನೋಡಿ, ಮಾವನ ಕೈ ಹಿಡಿದು ಬೇಗ ಬೇಗ ಒಳಗೆ ನಡೆಸಿದಳು.

ಕಪ್ಪು ಬಣ್ಣದ ಹಳೆಯ ಕಾರು. ಮಾವ ಅದಕ್ಕೆ ಕಸ್ತೂರಿ ಎಂದು ಹೆಸರಿಟ್ಟಿದ್ದರು. ಅತ್ತೆ ಸವತಿ ಎನ್ನುತ್ತಿದ್ದರು. ಅದರ ಮೈತುಂಬ ನೀರು ಒಣಗಿದ ಕಲೆಗಳು. ಬಿಳಿಯ ಉಂಗುರ, ಉಂಗುರಕ್ಕೆ ತಾಗಿ ಇನ್ನೊಂದು, ಅವೆರಡರ ಮೇಲೆ ಹತ್ತಿ ಕೂತ ಮತ್ತೊಂದು. ಬೀದಿಯವರಿಗೆಲ್ಲ ಗೊತ್ತಿತ್ತು, ಮನೆಯವರಿಗೆ ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು ಮಾವನಿಗೆ ಮಾತ್ರ. ಪೊರೆ ಬೆಳೆದ ಕಣ್ಣಿಗೆ ಕಸ್ತೂರಿ ಕೊಂಡುತಂದ ದಿನದಷ್ಟೇ ನುಣುಪಾಗಿ ಕಾಣುತ್ತಿದ್ದಳು.

"ಸವತಿಗೆ ಸಿಡುಬು ಬಂದಿದೆ, ಪಾಪ, ಗಂಡನಿಗೆ ಗೊತ್ತೇ ಇಲ್ಲ" ಎಂದು ಅತ್ತೆ ಅಡುಗೆಮನೆಯಲ್ಲಿ ನಗುತ್ತಿದ್ದರು. ಎದುರಿಗೆ ಹೇಳುವ ಧೈರ್ಯ ಅವರಿಗೂ ಇರಲಿಲ್ಲ.

ಸಿಡುಬು ತಂದವರು ಮಾವನೇ. ಬದುಕಿಡೀ ಫೋಟೋ ಸ್ಟುಡಿಯೋ ನಡೆಸಿದವರು. ಕತ್ತಲೆಕೋಣೆಯಲ್ಲಿ ತೊಳೆದ ಚಿತ್ರಗಳನ್ನು ದಾರಕ್ಕೆ ನೇತುಹಾಕಿದ ಮೇಲೆ, ತಾವಾಗಿ ಒಣಗುವವರೆಗೆ ಯಾರೂ ಬೆರಳು ತಾಗಿಸಬಾರದು ಎನ್ನುವುದು ಅಲ್ಲಿನ ಕಟ್ಟಳೆ. ಸ್ಟುಡಿಯೋ ಮುಚ್ಚಿತು, ಕಟ್ಟಳೆ ಮುಚ್ಚಲಿಲ್ಲ. ಬಂದು ಕಾರಿನ ಮೇಲೆ ಕೂತಿತು. ದಿನಾ ಬಿಸಿಲೇರಿದ ಮೇಲೆ ಕೊಳವೆಬಾವಿಯ ಗಡಸು ನೀರನ್ನು ಪೈಪಿನಲ್ಲಿ ಹಾಯಿಸುವುದು, ಕೈಕಟ್ಟಿ ದೂರ ನಿಲ್ಲುವುದು, ಒಣಗಲು ಬಿಡುವುದು. ಬಟ್ಟೆ ಹಿಡಿದು ಹತ್ತಿರ ಬಂದವರನ್ನು ಓಡಿಸುವುದು. "ಒದ್ದೆ ಮೈ ಮುಟ್ಟಬೇಡಿ! ಗೀರು ಬೀಳುತ್ತೆ!" ಅವರು ಹಿಡಿದ ಮೊಲಕ್ಕೆ ಯಾವಾಗಲೂ ಮೂರೇ ಕಾಲು.

ಈಗ ಸೋಫಾದಲ್ಲಿ ಕೂತು, ಕಣ್ಣಿನ ಪಟ್ಟಿಯನ್ನು ಮೆಲ್ಲಗೆ ಮುಟ್ಟಿ ನೋಡಿಕೊಂಡು ಸಾರಿದರು. "ನಾಳೆ ಪಟ್ಟಿ ಬಿಚ್ಚಿ ಮನೆಗೆ ಬಂದ ತಕ್ಷಣ ಮೊದಲು ನೋಡೋದು ಕಸ್ತೂರಿನ. ಆಮೇಲೆ ನೀವೆಲ್ಲ."

"ಇಷ್ಟು ವರ್ಷ ಸಂಸಾರ ಮಾಡಿದವಳು ಸಾಲಲ್ಲಿ ನಿಲ್ಲಬೇಕಾ?" ಎಂದರು ಅತ್ತೆ.

"ನಿನ್ನ ಮುಖ ನನಗೆ ಬಾಯಿಪಾಠ ಕಣೇ."

"ಅದರ ಮುಖ?"

"ಅದು ದಿನಾ ಹೊಸದು."

ಸೊಸೆಗೆ ನಗು ಬಂತು. ಮಾವ ಆ ದಿಕ್ಕಿಗೆ ತಿರುಗಿದರು. "ನೋಡಮ್ಮಾ, ನೀನು ಹಟ ಹಿಡಿದೆ ಅಂತ ಒಂದು ಕಣ್ಣು ಕೊಟ್ಟಿದ್ದೀನಿ. ಇದು ಏನು ತೋರಿಸುತ್ತೋ ನೋಡೋಣ. ನೋಡೋ ಹಾಗಿದ್ರೆ ಇನ್ನೊಂದು. ಇಲ್ಲಾಂದ್ರೆ ಆ ಡಾಕ್ಟರಮ್ಮನ ಬಾಗಿಲು ನಾನು ತುಳಿಯಲ್ಲ."

ನಗು ಅಲ್ಲೇ ನಿಂತಿತು. ಬಲಗಣ್ಣಿನ ಪೊರೆ ಇನ್ನೂ ಗಟ್ಟಿ. ತಡಮಾಡಿದಷ್ಟೂ ಕಷ್ಟ ಎಂದು ಡಾಕ್ಟರಮ್ಮ ಸೊಸೆಯನ್ನು ಬದಿಗೆ ಕರೆದು ಹೇಳಿದ್ದರು. ಇದೊಂದು ಕಣ್ಣಿಗೇ ಅವಳು ಕಾಡಿ ಬೇಡಿ ಸೋತಿದ್ದಳು. ಕೊನೆಗೆ ನಾಟಿದ ಬಾಣ ಒಂದೇ: "ನಿಮ್ಮ ಕಸ್ತೂರಿ ಹೇಗೆ ಹೊಳೀತಾಳೆ ಅಂತ ಸರಿಯಾಗಿ ನೋಡೋದು ಬೇಡ್ವಾ ಮಾವ?" ಈಗ ಆ ಬಾಣ ತಿರುಗಿ ಅವಳ ಕಡೆಗೇ ಬರುತ್ತಿತ್ತು. ನಾಳೆ ಇವರು ಕಾಣುವುದು ಸಿಡುಬಿನ ಮುಖ. ಅಲ್ಲಿಗೆ ಬಲಗಣ್ಣಿನ ಕತೆ ಮುಗಿಯಿತು.

ಗಂಡ ಕೆಲಸದ ಮೇಲೆ ದೂರದಲ್ಲಿದ್ದ. ಇದ್ದಿದ್ದರೂ ಅಪ್ಪನ ಕಾರಿಗೆ ಬಟ್ಟೆ ಮುಟ್ಟಿಸುವಷ್ಟು ಗಂಡೆದೆ ಅವನದಲ್ಲ. ಸೊಸೆ ಚಪ್ಪಲಿ ಮೆಟ್ಟಿ ಬೀದಿಯ ಕೊನೆಗೆ ನಡೆದಳು. ಅಲ್ಲಿ ಕಾರುಗಳಿಗೆ ಬಣ್ಣ ಹೊಡೆಯುವವನ ಷೆಡ್ಡು. ಊರಿಗೆಲ್ಲ ಅವನು ಬಣ್ಣದಣ್ಣ.

"ಆ ಕಾರಾ? ಬೇಡಕ್ಕ" ಎಂದು ಅವನು ಎರಡು ಹೆಜ್ಜೆ ಹಿಂದೆ ಸರಿದ. "ಒಂದ್ಸಲ ಗೇಟಿನಾಚೆ ನಿಂತು, ಸಾರ್, ಒರೆಸಿ ಸಾರ್ ಅಂದೆ, ಅಷ್ಟೇ. ಪೈಪ್ ನನ್ನ ಮೇಲೆ ತಿರುಗಿಸಿದರು."

"ನೀನು ಬರಬೇಡಣ್ಣ. ಹೇಳಿಕೊಡು, ಸಾಕು."

ಅವನು ತಲೆ ಕೆರೆದುಕೊಂಡ. "ಅದು ನೀರಲ್ಲಿರೋ ಸುಣ್ಣ. ನೀರು ಆರಿಹೋಗುತ್ತೆ, ಸುಣ್ಣ ಕೂತ್ಕೊಂಡುಬಿಡುತ್ತೆ. ಸುಣ್ಣಕ್ಕೆ ಹುಳಿ. ವಿನೆಗರ್ ಅರ್ಧ, ನೀರು ಅರ್ಧ. ಬಟ್ಟೆ ಅದ್ದಿ ಕಲೆ ಮೇಲೆ ಮಲಗಿಸಿ, ಒಂದೆರಡು ನಿಮಿಷ ಬಿಟ್ಟು ಚೆನ್ನಾಗಿ ತೊಳೀರಿ. ಒಣಗೋಕೆ ಬಿಡಬೇಡಿ. ಬಿಸಿಲಲ್ಲಿ ಮಾಡಲೇಬೇಡಿ, ತಗಡು ತಣ್ಣಗಿರಬೇಕು."

"ಹೋಗದಿದ್ರೆ?"

"ಆಗ ಸುಣ್ಣ ಬಣ್ಣದ ಮೇಲ್ಪದರಾನೇ ಕಚ್ಚಿದೆ ಅಂತ. ಅದಕ್ಕೆ ಪಾಲಿಷ್. ಕೊನೆಗೆ ಮೇಣ. ಮೇಣ ಹಚ್ಚಿದ್ರೆ ನೀರೇ ನಿಲ್ಲಲ್ಲ ಅಂತ ತಿಳ್ಕೋಬೇಡಿ ಮತ್ತೆ. ನಿಲ್ಲುತ್ತೆ, ಆದರೆ ಬೇರು ಬಿಡಲ್ಲ. ಒರೆಸಿದ್ರೆ ಎದ್ದು ಬರುತ್ತೆ." ಪಾಲಿಷ್ ಬಾಟಲಿ, ಮೇಣದ ಡಬ್ಬಿ, ಮೆತ್ತನೆಯ ಬಟ್ಟೆಗಳ ಕಟ್ಟು, ಎಲ್ಲ ಒಂದು ಚೀಲಕ್ಕೆ ತುಂಬಿಕೊಟ್ಟ. "ಈ ಬಟ್ಟೆ ಒಂದು ಸಲ ನೆಲಕ್ಕೆ ಬಿತ್ತೋ, ಅದು ಬಟ್ಟೆ ಅಲ್ಲ, ಬಣ್ಣ ಗೀರೋ ಉಪ್ಪುಕಾಗದ. ಮತ್ತೆ ನನ್ನ ಹೆಸರು ಮಾತ್ರ ಎತ್ತಬೇಡಿ."

ಮನೆಗೆ ಬರುವಷ್ಟರಲ್ಲಿ ಗೋಡೆಯ ನೆರಳು ಅಂಗಳವನ್ನೆಲ್ಲ ತುಂಬಿತ್ತು. ಮಾವ ಕಿಟಕಿಯ ಪಕ್ಕದ ಮಂಚದಲ್ಲಿ ಒರಗಿದ್ದರು. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದಕ್ಕೆ ಮಂಜು. ಆದರೆ ಮೂಗು ಮತ್ತು ಕಿವಿಗೆ ಯಾವ ಪೊರೆಯೂ ಇರಲಿಲ್ಲ.

"ಏನದು ಹುಳಿ ವಾಸನೆ?"

"ಸಿಂಕು ತೊಳೀತಿದ್ದೀನಿ ರೀ!" ಅತ್ತೆ ಕಾರಿನ ಮರೆಯಿಂದ ಕೂಗಿದರು.

"ಸಿಂಕು ಅಂಗಳಕ್ಕೆ ಯಾವಾಗ ಬಂತು?"

"ಗಾಳಿ ರೀ, ಗಾಳಿ!"

ಅತ್ತೆ ಸಹಾಯಕ್ಕೆ ಬಂದದ್ದು ಗೊಣಗುತ್ತಲೇ. "ನನ್ನ ಹಣೆಬರಹ ನೋಡು. ಸವತಿ ಮುಖ ತೊಳೆಯೋ ಯೋಗ." ಸೊಸೆ ಬಾನೆಟ್ಟಿನ ಮೇಲೆ ಮಲಗಿಸಿದ್ದ ಬಟ್ಟೆಯನ್ನು ಎತ್ತಿ, ನೀರು ಸುರಿದು, ಒರೆಸಿದಳು. ಉಂಗುರಗಳಿದ್ದ ಜಾಗದಲ್ಲಿ ಅಂಗೈಯಗಲದ ಕಪ್ಪು, ಕೆರೆಯಷ್ಟು ಆಳವಾಗಿ, ಸುಮ್ಮನೆ ನೋಡುತ್ತಿತ್ತು.

"ಅಯ್ಯೋ, ಹೋಯ್ತು ಕಣೇ!"

"ಮೆಲ್ಲಗೆ ಅತ್ತೆ!"

"ಏನು ಹೋಯ್ತು?" ಕಿಟಕಿ ಕೇಳಿತು.

"ಕರೆಂಟು!"

"ಫ್ಯಾನ್ ತಿರುಗ್ತಾ ಇದೆಯಲ್ಲ!"

"ಬಂತು, ಬಂತು!"

ಅಲ್ಲಿಂದ ಅತ್ತೆಯನ್ನು ಹಿಡಿಯುವವರಿಲ್ಲ. ಎಡಬಾಗಿಲು ತನಗೆ, ಬಲಬಾಗಿಲು ನಿನಗೆ ಎಂದು ಪಾಲು ಮಾಡಿದರು. ಸೊಸೆ ಪಾಲಿಷ್ ಹಚ್ಚಿದ ಜಾಗಕ್ಕೆ ಹೋಗಿ, ಇಲ್ಲೊಂದು ಉಳಿದಿದೆ ನೋಡು ಎಂದು ಉಗುರಿನಲ್ಲಿ ತೋರಿಸಿದರು. ಬಟ್ಟೆಯೊಂದು ಕೈಜಾರಿ ನೆಲಕ್ಕೆ ಬಿದ್ದಾಗ, ಹಾವು ಕಂಡವರಂತೆ ಹಾರಿ ನಿಂತರು. ಸುಣ್ಣ ಕಚ್ಚಿದ್ದ ಕಡೆ ಸೊಸೆ ಸಣ್ಣ ಸಣ್ಣ ಸುತ್ತಿನಲ್ಲಿ ಪಾಲಿಷ್ ತೀಡಿದಳು. ತೀಡಿ ತೀಡಿ ಭುಜ ತನ್ನದೋ ಪಕ್ಕದ ಮನೆಯದೋ ತಿಳಿಯದಾಯಿತು. ಮೇಣ ಹಚ್ಚಿ, ಮಂಕಾಗಲು ಬಿಟ್ಟು, ಒರೆಸಿ ತೆಗೆಯುವಾಗ ಬೆಳಕು ಇಳಿದಿತ್ತು. ಕಾರಿನ ಬಾಗಿಲಲ್ಲಿ ಗೇಟು, ಗೋಡೆ, ಅತ್ತೆಯ ಕೆದರಿದ ಕೂದಲು ಎಲ್ಲ ನೆಟ್ಟಗೆ ಕಾಣುತ್ತಿತ್ತು.

ಉಳಿದದ್ದು ನೆತ್ತಿ. ಕಾರಿನ ಮಾಡು.

"ಬಿಡು ಅದನ್ನ" ಎಂದರು ಅತ್ತೆ ಮೆಟ್ಟಿಲ ಮೇಲೆ ಕುಸಿಯುತ್ತ. "ನಿಮ್ಮ ಮಾವ ಇರೋದೇ ಮೊಳದುದ್ದ. ಬಗ್ಗಬಾರದು, ಹತ್ತಬಾರದು ಅಂತ ಡಾಕ್ಟರಮ್ಮ ಬೇರೆ ಹೇಳಿದ್ದಾರೆ. ನೆತ್ತಿ ಯಾರಿಗೆ ಕಾಣುತ್ತೆ?"

ಸೊಸೆಗೆ ಕೈ ಎತ್ತಲು ಆಗುತ್ತಿರಲಿಲ್ಲ. ಹೌದೆಂದಳು.

ಮರುದಿನ ಬೆಳಿಗ್ಗೆ ಪಟ್ಟಿ ಬಿಚ್ಚಿಸಿಕೊಂಡು, ಡಾಕ್ಟರಮ್ಮ ಕೊಟ್ಟ ಕಪ್ಪು ಕನ್ನಡಕವನ್ನು ಹಣೆಗೇರಿಸಿ, ಮಾವ ಟ್ಯಾಕ್ಸಿಯ ಮುಂದಿನ ಸೀಟಿನಲ್ಲಿ ಕೂತರು. ದಾರಿಯುದ್ದಕ್ಕೂ ಅಂಗಡಿಗಳ ಬೋರ್ಡು ಓದಿದ್ದೇ ಓದಿದ್ದು, ಮೊದಲ ಸಲ ಅಕ್ಷರ ಕಲಿತವರ ಹಾಗೆ.

"ಆ ಮನೆಗೆ ನೀಲಿ ಬಣ್ಣ ಯಾವಾಗ ಹೊಡೆದ್ರು?"

"ಅದು ಮೊದಲಿಂದ ನೀಲೀನೇ ಮಾವ."

"ಹೌದಾ! ಬೂದಿ ಅಂದುಕೊಂಡಿದ್ದೆ." ಖುಷಿಯಲ್ಲಿ ತೊಡೆ ತಟ್ಟಿಕೊಂಡರು. ಹಿಂದಿನ ಸೀಟಿನಲ್ಲಿ ಅತ್ತೆ ಸೊಸೆಯ ಕೈ ಅದುಮಿದರು. ಗೆದ್ದೆವು ಎಂದು ಅದರ ಅರ್ಥ.

ಇಬ್ಬರೂ ಮರೆತದ್ದು ತಮ್ಮ ಬೀದಿಯನ್ನೇ. ಅದು ಇಳಿಜಾರಿನ ಬೀದಿ. ಆಸ್ಪತ್ರೆಯ ಕಡೆಯಿಂದ ಬಂದರೆ ತಿರುವಿನಲ್ಲಿ ಮೇಲೆ ನಿಂತು ಕೆಳಗೆ ನೋಡಬೇಕು. ಅಲ್ಲಿಂದ ಅವರ ಅಂಗಳ ತಟ್ಟೆಯಲ್ಲಿಟ್ಟ ಹಾಗೆ ಕಾಣುತ್ತದೆ, ಅಂಗಳದ ನಡುವೆ ಕಾರಿನ ಮಾಡು.

"ನಿಲ್ಲಿಸಪ್ಪಾ" ಎಂದರು ಮಾವ.

ಟ್ಯಾಕ್ಸಿ ನಿಂತಿತು.

"ಅಲ್ಲಿರೋದು ನಮ್ಮ ಕಸ್ತೂರಿ ತಾನೇ? ತಲೆ ಮೇಲೆ ಏನದು, ಹಿಟ್ಟು ಜರಡಿ ಹಿಡಿದ ಹಾಗೆ?"

"ಪಾರಿವಾಳ" ಎಂದುಬಿಟ್ಟರು ಅತ್ತೆ.

"ಪಾರಿವಾಳ ಉಂಗುರ ಬರೆಯುತ್ತಾ?"

ಅತ್ತೆ ಸೊಸೆ ಇಬ್ಬರೂ ಇಂಗು ತಿಂದ ಮಂಗಗಳು. ಮಾವ ಇಳಿದು ನಡೆದೇ ಹೋದರು. ಗೇಟು ತೆಗೆದು, ಕಾರನ್ನು ಒಂದು ಸುತ್ತು ಬಂದರು. ಬಾನೆಟ್ಟಿನಲ್ಲಿ ತಮ್ಮ ಮುಖ ನೋಡಿ ಬೆಚ್ಚಿದರು. "ಇಷ್ಟು ವಯಸ್ಸಾಯ್ತಾ ನನಗೆ?" ತುದಿಗಾಲಲ್ಲಿ ನಿಂತು ಮಾಡಿನ ಅಂಚು ನೋಡಿದರು. ಮತ್ತೆ ಬಾಗಿಲು ನೋಡಿದರು.

"ಮೈ ಒಂದು ಕಾರಿಂದು, ನೆತ್ತಿ ಇನ್ನೊಂದು ಕಾರಿಂದು. ರೀಟಚ್ ಮಾಡಿದ್ದು ಯಾರು?"

ಸೊಸೆ ಬಾಯಿ ಬಿಟ್ಟಳು. "ನಾನು ಮಾವ. ನೀವು ನೋಡಿ ನೊಂದುಕೊಂಡರೆ ಇನ್ನೊಂದು ಕಣ್ಣು ಬೇಡ ಅಂತೀರಿ ಅಂತ."

"ಅಂದ್ರೆ ಎಲ್ಲರಿಗೂ ಗೊತ್ತಿತ್ತು."

"ಹೇಳಿದ್ರೆ ಕೇಳೋ ಕಿವಿ ಇತ್ತೇನ್ರೀ ನಿಮಗೆ?" ಎಂದರು ಅತ್ತೆ.

"ಇಲ್ಲದಿದ್ರೆ ಕಿರುಚಬೇಕಿತ್ತು! ದಿನಾ ಬೆಳಿಗ್ಗೆ ನಾನು ಇಲ್ಲಿ ನಿಂತು ನನ್ನ ಕಾರನ್ನ ಕೆಡಿಸ್ತಿದ್ದೆ, ನೀವು ಕಿಟಕೀಲಿ ನಿಂತು ಕಾಫಿ ಕುಡೀತಿದ್ರಿ. ಸಾಕು. ಒಂದು ಕಣ್ಣಲ್ಲಿ ನೋಡಿದ್ದೇ ಹೆಚ್ಚಾಯ್ತು. ಇನ್ನೊಂದು ಬೇಡ."

ಒಳಗೆ ಹೋಗಿ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಕೂತರು. ಊಟಕ್ಕೆ ಕರೆದರೆ ಗೋಡೆಗೇ ಉತ್ತರ ಕೊಟ್ಟರು. ಅತ್ತೆ ಬೈದು ನೋಡಿದರು, ರಮಿಸಿ ನೋಡಿದರು. ಹೇಳಬೇಕಾದ ಒಂದೇ ಮಾತನ್ನು ಹೇಳಬೇಕಾದ ಹೊತ್ತಿನಲ್ಲಿ ಹೇಳದ ಸೊಸೆಗೆ ಈಗ ಮಾತಿನ ಮೇಲೆ ನಂಬಿಕೆ ಇರಲಿಲ್ಲ.

ನೆರಳು ಬಿದ್ದ ಮೇಲೆ ಅವಳು ಸ್ಟೂಲು ತಂದು ಕಾರಿನ ಪಕ್ಕ ಇಟ್ಟಳು. ಈ ಸಲ ಮುಚ್ಚುಮರೆ ಇಲ್ಲ. ಕಿಟಕಿಯ ಎದುರಿಗೇ ವಿನೆಗರ್ ಬೆರೆಸಿ, ಹತ್ತಿ ನಿಂತು, ಮಾಡಿನ ಮೇಲೆ ಬಟ್ಟೆ ಮಲಗಿಸಿದಳು. ತೆಗೆದಳು. ಪೈಪು ಎತ್ತಿದಳು.

"ಕೊನೆ ನೀರು ಯಾವುದು?" ಒಳಗಿನಿಂದ ದನಿ ಬಂತು.

"ಇದೇ ಮಾವ, ಪೈಪಿಂದು."

"ಸರಿಹೋಯ್ತು. ಒಂದು ಕಡೆ ಸುಣ್ಣ ತೆಗಿ, ಇನ್ನೊಂದು ಕಡೆ ಸುಣ್ಣ ಹೊಯ್ಯಿ!" ಕನ್ನಡಕ ಹಾಕಿಕೊಂಡು ಮಾವ ಹೊಸ್ತಿಲಿಗೆ ಬಂದರು. "ನೆಗೆಟಿವ್ ಮೇಲೆ ಒಂದು ಹನಿ ಒಣಗಿದರೆ ಮದುಮಗಳ ಕೆನ್ನೆ ಮೇಲೆ ಬಿಳಿ ಮಚ್ಚೆ. ಅದಕ್ಕೇ ಕೊನೆ ಸಲಕ್ಕೆ ಬ್ಯಾಟರಿಗೆ ಹಾಕೋ, ಸುಣ್ಣ ಇಲ್ಲದ ನೀರಲ್ಲಿ ಅದ್ದಿ ತೆಗೀತಿದ್ದೆ. ಅಲ್ಲಿ ಮೆಟ್ಟಿಲ ಕೆಳಗೆ ಕ್ಯಾನ್ ಇದೆ, ತಗೋ."

ಹೇಳಿ ಮುಗಿಸಿದವರು ಒಂದು ಗಳಿಗೆ ಬಾಯಿ ತೆರೆದೇ ನಿಂತರು. ಕತ್ತಲೆಕೋಣೆಯ ಅರ್ಧ ಕಟ್ಟಳೆಯನ್ನು ಅಂಗಳಕ್ಕೆ ತಂದು, ಇನ್ನರ್ಧವನ್ನು ಅಲ್ಲೇ ಬಿಟ್ಟು ಬಂದದ್ದು ಆಗ ಹೊಳೆಯಿತೋ ಏನೋ. ಸೊಸೆ ಕೆದಕಲಿಲ್ಲ. ಕ್ಯಾನಿನ ನೀರು ಸುರಿದು, ಒಣ ಬಟ್ಟೆ ಕೈಗೆ ತೆಗೆದುಕೊಂಡಳು.

"ಒರೆಸ್ತೀಯಾ?" ಮಾವನ ದನಿ ಕುಗ್ಗಿತು.

"ಒರೆಸಲೇಬೇಕು ಮಾವ."

"ಒರೆಸು. ನಾನು ನೋಡಲ್ಲ." ಕನ್ನಡಕ ಎತ್ತಿ, ಹೊಸ ಕಣ್ಣನ್ನು ಅಂಗೈಯಿಂದ ಮರೆಮಾಡಿಕೊಂಡರು. ಹಳೆಯದನ್ನು ಮುಚ್ಚುವ ಅಗತ್ಯವೇ ಇರಲಿಲ್ಲ. ತುಸು ಹೊತ್ತಿಗೆ ಆ ಕಣ್ಣಿನಿಂದಲೇ ಇಣುಕಿ, "ಅರೆ, ಎಲ್ಲ ಹೋಯ್ತಲ್ಲ! ಒಂದು ಕಲೆಯೂ ಇಲ್ಲ!" ಎಂದರು.

"ಇನ್ನೂ ಅರ್ಧ ಇದೆ ಮಾವ."

"ಎಲ್ಲಿ?" ಅಂಗೈ ಸರಿಸಿದರು. ಉಂಗುರಗಳು ಸಾಲಾಗಿ ಕೂತಿದ್ದವು. ಮುಚ್ಚಿದರು, ಹೋದವು. ತೆರೆದರು; ಬಂದವು. ಎಡಗಣ್ಣಿಗೆ ಅಪ್ಪಟ ಕಪ್ಪು ಕಾರು, ಬಲಗಣ್ಣಿಗೆ ಹಳಸಿದ ಟೀ ಬಣ್ಣದ ಕಾರು. ಎರಡನ್ನೂ ಒಟ್ಟಿಗೆ ತೆರೆದರೆ ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು. ಮಾವ ಹೊಸ್ತಿಲಲ್ಲಿ ನಿಂತು ಮುಚ್ಚಿದ್ದೇ ಮುಚ್ಚಿದ್ದು, ತೆರೆದದ್ದೇ ತೆರೆದದ್ದು. ಬೀದಿಯಲ್ಲಿ ಹೋಗುತ್ತಿದ್ದ ಯಾರೋ ತಮಗೇ ಕಣ್ಣು ಹೊಡೆಯುತ್ತಿದ್ದಾರೆಂದು ನಕ್ಕು ಕೈಬೀಸಿದರು.

"ಏನ್ರೀ ಅದು ನಾಟಕ?" ಅತ್ತೆ ಹಿಂದಿನಿಂದ ಬಂದರು.

"ಈ ಮನೇಲಿ ನನಗೆ ಸುಳ್ಳು ಹೇಳಿದ್ದು ನೀವಿಬ್ಬರೇ ಅಂದುಕೊಂಡಿದ್ದೆ ಕಣೇ" ಎಂದರು ಮಾವ ನಿಧಾನವಾಗಿ. "ದೊಡ್ಡ ಸುಳ್ಳುಗಾರ ನನ್ನ ಮೂಗಿನ ಬಲಗಡೇನೇ ಕೂತಿದ್ದಾನೆ."

ಸೊಸೆಯ ಬಟ್ಟೆ ಮಾಡಿನ ಮೇಲೆ ಹಾಗೆಯೇ ನಿಂತಿತು.

"ಹೇಗಮ್ಮಾ, ಮೂಲೆವರೆಗೂ ಬಂದೆಯಾ? ಅಲ್ಲಿಗೆ ನಿಲ್ಲಿಸು. ಆ ಹಿಂದಿನ ಮೂಲೆ ಮುಟ್ಟಬೇಡ. ಅದು ನನಗೆ. ಕೆಡಿಸಿದವನೇ ತೆಗೀಬೇಕು, ಎರಡು ಕಣ್ಣಲ್ಲಿ ನೋಡಿಕೊಂಡು ತೆಗೀಬೇಕು. ಡಾಕ್ಟರಮ್ಮನಿಗೆ ಫೋನ್ ಹಚ್ಚು, ಬೇಗ ಆಗುತ್ತಾ ಕೇಳು."

ಸೊಸೆ ಸ್ಟೂಲಿನಿಂದ ಇಳಿದದ್ದು ಅವಳಿಗೇ ತಿಳಿಯಲಿಲ್ಲ. ಕೈ ಸೀರೆಗೆ ಒರೆಸಿಕೊಳ್ಳುತ್ತ ಒಳಗೆ ಓಡಿದಳು. ಫೋನು ಕಿವಿಗಿಟ್ಟು ನಿಂತಾಗ ಕಿಟಕಿಯಾಚೆ ಅಂಗಳ ಕಾಣುತ್ತಿತ್ತು. ಅತ್ತೆ ಸ್ಟೂಲು ಹತ್ತಲು ಒಂದು ಕಾಲು ಎತ್ತಿದ್ದರು, ಕೈಯಲ್ಲಿ ಬಟ್ಟೆ.

"ಲೇ, ದೂರ ನಿಲ್ಲು!" ಮಾವ ಕಾರಿನ ಹಿಂದಿನ ಮೂಲೆಗೆ ಅಡ್ಡ ನಿಂತು ಎರಡೂ ಕೈ ಚಾಚಿದ್ದರು. "ನನ್ನ ಕಲೆ ಮುಟ್ಟಿದರೆ ನೋಡು ಮತ್ತೆ!"